ಗುರುಗಳು ಬಾರದ ವರ್ಷಗಳು

ಎಡಪ್ಪಾಡಿಯ ಸುತ್ತುಮುತ್ತ ಮಗ್ಗದ ಸದ್ದಿನ ಜೊತೆಗೆ ಎರಡು ಮೂರು ಭಾಷೆಗಳ ಸದ್ದೂ ಬೆರೆತಿರುತ್ತದೆ. ಮನೆಯಲ್ಲಿ ಕನ್ನಡ ಆಡುವವರು ಸಂತೆಯಲ್ಲಿ ತಮಿಳು ಆಡುತ್ತಾರೆ. ಪಕ್ಕದ ಬೀದಿಯಲ್ಲಿ ತೆಲುಗು ಕೇಳಿಸುತ್ತದೆ. ನಮ್ಮ ಈ ಸೇಲಂ, ಧರ್ಮಪುರಿ ಸೀಮೆಯ ಚರಿತ್ರೆ ಎಂದರೆ ನಾವು ಸಾಮಾನ್ಯವಾಗಿ ಅರಸರ, ಕೋಟೆಗಳ, ಯುದ್ಧಗಳ ಕಥೆಯನ್ನು ಹೇಳುತ್ತೇವೆ. ಈ ದಿನ ಅದೇ ನೆಲದ ಮತ್ತೊಂದು ಕಥೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಇದು ಇಲ್ಲಿನ ಮತ್ತು ನೆರೆಯ ಕನ್ನಡ ನಾಡಿನ ಕ್ರೈಸ್ತ ಸಭೆಗಳ ಕಥೆ. ಯುದ್ಧ, ಬರ, ಆಳ್ವಿಕೆಯ ಬದಲಾವಣೆ, ಅಣೆಕಟ್ಟು, ಭಾಷೆಯ ಜಗಳ ಇವೆಲ್ಲ ಬಂದಾಗ ಆ ಸಭೆಗಳು ಹೇಗೆ ಉಳಿದವು, ಅವುಗಳ ಗುರುಗಳನ್ನು ಯಾರು ನಡೆಸಿದರು ಎಂಬುದೇ ನಮ್ಮ ಪ್ರಶ್ನೆ.

ಕೇಳುಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ ಎಂಬುದು ಗೊತ್ತಿದೆ. ಆದರೂ ಈ ಪ್ರಶ್ನೆ ಎಲ್ಲರದೂ ಹೌದು. ಒಂದು ಊರಿನಲ್ಲಿ ಹತ್ತು ಮನೆಗಳ ಅಲ್ಪಸಂಖ್ಯಾತರಿದ್ದು, ಅವರ ಗುರು ದೂರದಿಂದ ಬರಬೇಕಾದವನಾದರೆ, ಆತ ಬಾರದಿದ್ದಾಗ ಅವರ ಗತಿ ಏನು? ಕನ್ನಡ ಶಾಲೆಗೆ ಮೇಷ್ಟ್ರು ಬಾರದ ಊರಿನವರು ಈ ಪ್ರಶ್ನೆಯನ್ನು ಚೆನ್ನಾಗಿ ಬಲ್ಲರು.

ಮೊದಲಿಗೆ, ಇದೆಲ್ಲ ಶುರುವಾದದ್ದು ಹೇಗೆ ಎಂದು ನೋಡೋಣ.

ಮದುರೆಯಲ್ಲಿ ಕೆಲಸ ಮಾಡುತ್ತಿದ್ದ ಇಟಲಿಯ ಯೇಸುಸಭೆಯ ಗುರು ರಾಬರ್ಟ್ ಡಿ ನೊಬಿಲಿ 1623ರಲ್ಲಿ ಉತ್ತರಕ್ಕೆ ಹೊರಟು, ತಿರುಚ್ಚಿ, ಸೇಂದಮಂಗಲಗಳ ಮೂಲಕ ಸೇಲಂ ಸೀಮೆಗೆ ಬಂದರು. ಕಾವಿ ಉಟ್ಟು, ಸಸ್ಯಾಹಾರ ಹಿಡಿದು, ಸಂನ್ಯಾಸಿಯ ಹಾಗೆ ಬದುಕಿದವರು ಅವರು. ತಮಿಳನ್ನೂ ಸಂಸ್ಕೃತವನ್ನೂ ಕಲಿತಿದ್ದರು. ಇದಾಗಿ ಕಾಲು ಶತಮಾನಕ್ಕೆ, 1648-49ರ ವೇಳೆಗೆ, ಅವರದೇ ಸಭೆಯ ಮತ್ತೊಬ್ಬ ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದರು. ಆಗ ಮೈಸೂರನ್ನು ಆಳುತ್ತಿದ್ದವನು ಕಂಠೀರವ ನರಸರಾಜ ಒಡೆಯ. ಚಿನ್ನಮಿ ಕನ್ನಡ ಕಲಿತರು, ಕನ್ನಡಕ್ಕೆ ವ್ಯಾಕರಣ ಬರೆದರು, ಶಬ್ದಕೋಶ ಕೂಡಿಸಿದರು, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕ ಬರೆದರು. ಹೀಗೆ ಮೈಸೂರು ಮಿಷನ್ ಎಂಬುದು ಹುಟ್ಟಿತು. ಅದರ ವ್ಯಾಪ್ತಿ ಶ್ರೀರಂಗಪಟ್ಟಣದಿಂದ ಇಂದಿನ ಕನಕಪುರದ ಸೀಮೆ, ಸತ್ಯಮಂಗಲ, ಧರ್ಮಪುರಿಗಳ ತನಕ ಹರಡಿತು.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಈಗ ನಾವು ಕಾಣುವ ಗಡಿ ಆಗ ಇರಲಿಲ್ಲ. 17ನೇ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಸೇಲಂ ಸೀಮೆಯೇ ಮೈಸೂರಿನ ಕೈಗೆ ಬಂತು. ಕಾವೇರಿಯ ಈ ದಡ, ಆ ದಡ ಎರಡರಲ್ಲೂ ಕನ್ನಡಿಗರೂ ತಮಿಳರೂ ಇದ್ದರು. ಗುರುವಾದವನು ಒಂದು ಊರಿನಲ್ಲಿ ಕನ್ನಡದಲ್ಲಿ ಪಾಪನಿವೇದನೆ ಕೇಳಿ, ಮುಂದಿನ ಊರಿನಲ್ಲಿ ತಮಿಳಿನಲ್ಲಿ ಬುದ್ಧಿ ಹೇಳಬೇಕಾಗಿತ್ತು. ಭಾಷೆ ಬಾರದ ಗುರುವಿಗೆ ಇಲ್ಲಿ ಕೆಲಸವೇ ಇರಲಿಲ್ಲ.

ಆದರೆ ಗುರುಗಳು ಎಷ್ಟು ಮಂದಿ? ಇಡೀ ಮೈಸೂರು ಸೀಮೆಗೆ ಕೈಬೆರಳಲ್ಲಿ ಎಣಿಸುವಷ್ಟು. ಕಾಡು, ಘಾಟಿ, ಹೊಳೆ ದಾಟಿ, ಎತ್ತಿನ ಬಂಡಿಯಲ್ಲೋ ಕಾಲ್ನಡಿಗೆಯಲ್ಲೋ ಅವರು ಊರೂರು ಸುತ್ತಬೇಕು. ಒಂದು ಹಳ್ಳಿಗೆ ವರ್ಷಕ್ಕೆ ಒಂದೋ ಎರಡೋ ಸಲ ಬಂದರೆ ಅದೇ ಹೆಚ್ಚು. ಉಳಿದ ದಿನಗಳಲ್ಲಿ ಸಭೆಯನ್ನು ನೋಡಿಕೊಂಡವನು ಊರಿನವನೇ ಆದ ಉಪದೇಶಿ. ತಮಿಳಿನವರು ಗೌರವದಿಂದ ಉಪದೇಶಿಯಾರ್ ಎನ್ನುತ್ತಾರೆ.

ಉಪದೇಶಿ ಏನು ಮಾಡುತ್ತಿದ್ದ? ಭಾನುವಾರ ಜನರನ್ನು ಕೂಡಿಸಿ ಜಪ ಹೇಳಿಸುತ್ತಿದ್ದ. ಮಕ್ಕಳಿಗೆ ಮಂತ್ರಗಳನ್ನು ಬಾಯಿಪಾಠ ಮಾಡಿಸುತ್ತಿದ್ದ. ಸಾಯುವ ಸ್ಥಿತಿಯಲ್ಲಿದ್ದವರ ಪಕ್ಕದಲ್ಲಿ ಕೂತು ಧೈರ್ಯ ಹೇಳುತ್ತಿದ್ದ. ಸತ್ತವರನ್ನು ಮಣ್ಣು ಮಾಡಿಸುತ್ತಿದ್ದ. ಹುಟ್ಟಿದ ಕೂಸು ಉಳಿಯುವುದಿಲ್ಲ ಎಂದು ಕಂಡರೆ ತಾನೇ ನೀರು ಹಾಕಿ ದೀಕ್ಷಾಸ್ನಾನ ಕೊಡುತ್ತಿದ್ದ. ಪ್ರಾಣಾಪಾಯದಲ್ಲಿ ಯಾರಾದರೂ ಹಾಗೆ ಕೊಡಬಹುದು ಎಂಬುದು ಕಥೋಲಿಕ ಸಭೆಯ ನಿಯಮವೇ ಆಗಿದೆ. ಮದುವೆಯ ಮಾತು ಮುರಿದರೆ, ಅಣ್ಣತಮ್ಮಂದಿರು ಜಗಳವಾಡಿದರೆ, ಊರ ಗೌಡ ಗದರಿಸಿದರೆ, ಮೊದಲು ಎದ್ದು ಹೋಗುತ್ತಿದ್ದವನೂ ಅವನೇ. ಗುರುಗಳು ಬಂದಾಗ ಯಾರು ಹುಟ್ಟಿದರು, ಯಾರು ಸತ್ತರು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂಬ ಲೆಕ್ಕ ಒಪ್ಪಿಸುತ್ತಿದ್ದ.

ತಮಿಳಿನವರು ವೀರಮಾಮುನಿವರ್ ಎಂದು ಕರೆಯುವ ಕಾನ್‌ಸ್ಟಾಂಟೈನ್ ಬೆಸ್ಕಿಯವರ ಹೆಸರು ನಿಮಗೆ ಗೊತ್ತು. ಅವರ ಮಹಾಕಾವ್ಯ 'ತೇಂಬಾವಣಿ'ಯನ್ನು ಎಲ್ಲರೂ ಹೊಗಳುತ್ತಾರೆ. ಅದೇ ಬೆಸ್ಕಿ 1727ರ ಸುಮಾರಿಗೆ 'ವೇದಿಯರ್ ಒಳುಕ್ಕಂ' ಎಂಬ ಗದ್ಯ ಪುಸ್ತಕವನ್ನೂ ಬರೆದರು. ಅದು ಉಪದೇಶಿಗಳ ನಡತೆ ಹೇಗಿರಬೇಕು ಎಂದು ಹೇಳುವ ಪುಸ್ತಕ. ಕಾವ್ಯ ಬರೆಯಬಲ್ಲ ಪಂಡಿತರೊಬ್ಬರು ಹಳ್ಳಿಯ ಉಪದೇಶಿಗಾಗಿ ಕೂತು ಒಂದು ಪುಸ್ತಕ ಬರೆದರು ಎಂದರೆ, ಸಭೆಯ ಭಾರ ಯಾರ ಹೆಗಲ ಮೇಲಿದೆ ಎಂಬುದು ಅವರಿಗೆ ತಿಳಿದಿತ್ತು ಎಂದೇ ಅರ್ಥ.

ಆ ಹೆಗಲಿಗೆ ನಿಜವಾದ ಪರೀಕ್ಷೆ ಬಂದದ್ದು ಮುಂದಿನ ಅರ್ಧ ಶತಮಾನದಲ್ಲಿ.

1759ರಲ್ಲಿ ಪೋರ್ಚುಗಲ್ಲಿನ ದೊರೆತನ ಯೇಸುಸಭೆಯವರನ್ನು ತನ್ನ ರಾಜ್ಯದಿಂದ ಹೊರದೂಡಿತು. ಕೆಲವು ವರ್ಷಗಳಲ್ಲಿ ಫ್ರಾನ್ಸ್ ಕೂಡ ಅದೇ ಹಾದಿ ಹಿಡಿಯಿತು. 1773ರ ಜುಲೈ 21ರಂದು ಪೋಪ್ ಹದಿನಾಲ್ಕನೆಯ ಕ್ಲೆಮೆಂಟ್ ಆ ಸಭೆಯನ್ನೇ ರದ್ದು ಮಾಡಿದರು. ಯುರೋಪಿನ ರಾಜಕೀಯದ ಈ ಪೆಟ್ಟು ಕಾವೇರಿ ದಡದ ಹಳ್ಳಿಗೂ ಬಿತ್ತು. ಲಿಸ್ಬನ್ನಿನಿಂದ ಬರುತ್ತಿದ್ದ ಹಣ ನಿಂತಿತು. ಹೊಸ ಗುರುಗಳು ಬರುವುದೂ ನಿಂತಿತು. ಇಲ್ಲಿದ್ದ ಮುದಿ ಗುರುಗಳು ಒಬ್ಬೊಬ್ಬರಾಗಿ ತೀರಿಕೊಂಡರು. ಪುದುಚೇರಿಯಲ್ಲಿದ್ದ ಪ್ಯಾರಿಸ್ ವಿದೇಶ ಮಿಷನ್ನಿನ ಗುರುಗಳು 1776-77ರಿಂದ ಜವಾಬ್ದಾರಿ ಹೊತ್ತರು. ಆದರೆ ಅವರೂ ಕೆಲವೇ ಮಂದಿ. ಅಷ್ಟು ದೊಡ್ಡ ಸೀಮೆಗೆ ಅವರು ಸಾಲುವ ಹಾಗಿರಲಿಲ್ಲ.

ಇದರ ಜೊತೆಗೇ ಯುದ್ಧಗಳು. ಹೈದರಾಲಿಗೂ ಕಂಪನಿಗೂ ನಡೆದ 1767ರಿಂದ 69ರ ಯುದ್ಧ, 1780ರಿಂದ 84ರ ಯುದ್ಧ, ಟಿಪ್ಪುವಿನ ಕಾಲದ 1790ರಿಂದ 92ರ ಯುದ್ಧ, ಈ ಮೂರರಲ್ಲೂ ಬಾರಾಮಹಲಿನ ಕಣಿವೆಗಳು ದಂಡು ನಡೆಯುವ ದಾರಿಯಾದವು. ದಂಡು ಯಾರದೇ ಇರಲಿ, ರೈತನ ಬೆಳೆಯನ್ನೇ ತಿನ್ನುತ್ತಿತ್ತು. ಹಿಂದೂ, ಮುಸಲ್ಮಾನ, ಕ್ರೈಸ್ತ ಎನ್ನದೆ ಎಲ್ಲರೂ ಊರು ಬಿಟ್ಟು ಕಾಡು ಸೇರಬೇಕಾಯಿತು.

ಪಡುವಣ ಕರಾವಳಿಯಲ್ಲಿ ನಡೆದದ್ದು ಇನ್ನೂ ದೊಡ್ಡ ಸಂಕಟ. 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮಂಗಳೂರಿನ ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರು ಎಂಬುದು ಅವನ ಆರೋಪ. ಸೆರೆಯಾದವರ ಸಂಖ್ಯೆಯನ್ನು ಕೆಲವರು 30,000 ಎಂದರೆ ಕೆಲವರು 60,000 ಎನ್ನುತ್ತಾರೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು, ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. ಅದೇ ಅರಸ 1791ರಲ್ಲಿ ಮರಾಠಾ ದಂಡಿನಿಂದ ಹಾಳಾದ ಶೃಂಗೇರಿ ಮಠಕ್ಕೆ ನೆರವು ಕಳಿಸಿದ ಎಂಬುದೂ ಚರಿತ್ರೆಯೇ. ಅರಸರ ಲೆಕ್ಕಾಚಾರವೇ ಹಾಗೆ, ಯಾರನ್ನು ತಮ್ಮವರೆಂದು ನಂಬಬೇಕು, ಯಾರನ್ನು ಶತ್ರುವಿನ ಕಡೆಯವರೆಂದು ಅನುಮಾನಿಸಬೇಕು ಎಂಬುದರ ಮೇಲೆ ಅದು ನಡೆಯುತ್ತದೆ. ಆ ಲೆಕ್ಕದ ಬೆಲೆ ತೆರುವವರು ಮಾತ್ರ ಮಕ್ಕಳು, ಮುದುಕರು, ಬಾಣಂತಿಯರು.

1792ರ ಒಪ್ಪಂದದಿಂದ ಸೇಲಂ, ಬಾರಾಮಹಲು ಕಂಪನಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಸೆರೆಯಿಂದ ಬಿಡುಗಡೆಯಾದವರು ಹೊರಗೆ ಬಂದರು. ಈಗ ಕೇಳಬೇಕಾದ ಪ್ರಶ್ನೆ ಬೇರೆಯೇ ಆಗಿತ್ತು. ಹದಿನೈದು ವರ್ಷ ಗುರುವಿಲ್ಲದೆ, ಗುಡಿಯಿಲ್ಲದೆ, ಬಲವಂತದ ಹೆಸರಿಟ್ಟುಕೊಂಡು ಬದುಕಿದ ಜನರನ್ನು ಮತ್ತೆ ಸಭೆಯಾಗಿ ಕೂಡಿಸುವುದು ಹೇಗೆ?

ಈ ಕೆಲಸಕ್ಕೆ ಬಂದವರು ಫ್ರೆಂಚ್ ಗುರು ಅಬ್ಬೆ ದುಬುವಾ. 1766ರಲ್ಲಿ ಹುಟ್ಟಿ, 1792ರಲ್ಲಿ ಗುರುದೀಕ್ಷೆ ಪಡೆದು, ಫ್ರಾನ್ಸಿನಲ್ಲಿ ಕ್ರಾಂತಿ ಭುಗಿಲೆದ್ದಿದ್ದಾಗ ಇಂಡಿಯಾಕ್ಕೆ ಹೊರಟವರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿನ ಉಡುಪು, ಇಲ್ಲಿನ ಊಟ ಹಿಡಿದು ಬಾಳಿದರು. ಜನ ಅವರನ್ನು 'ದೊಡ್ಡಸ್ವಾಮಿ' ಎಂದು ಕರೆದರು.

ದುಬುವಾ ಎಂದರೆ ಓದಿದವರಿಗೆ ನೆನಪಾಗುವುದು ಹಿಂದೂಗಳ ಆಚಾರ ವಿಚಾರಗಳ ಮೇಲಿನ ಅವರ ಗ್ರಂಥ. ಅದರ ಹಸ್ತಪ್ರತಿಯನ್ನು 1807ರಲ್ಲಿ ಕಂಪನಿ ಸರ್ಕಾರ ಕೊಂಡುಕೊಂಡಿತು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರ ಬಹುಪಾಲು ಸಾಮಗ್ರಿ ಹಿಂದಿನ ಯೇಸುಸಭೆಯ ಗುರು ಕೂರ್ದೂ ಅವರ ಬರಹದಿಂದ ಬಂದದ್ದು ಎಂದು ಇತ್ತೀಚಿನ ವಿದ್ವಾಂಸರು ತೋರಿಸಿದ್ದಾರೆ. ಆದರೆ ಈ ದಿನ ನಮಗೆ ಬೇಕಾದದ್ದು ಆ ಗ್ರಂಥವಲ್ಲ, ಹಳ್ಳಿಯಲ್ಲಿ ಅವರು ಮಾಡಿದ ಮೂರು ಕೆಲಸಗಳು.

ಮೊದಲನೆಯದು, ಬಲವಂತಕ್ಕೆ ಸಿಕ್ಕವರನ್ನು ಮತ್ತೆ ಕರೆದುಕೊಂಡದ್ದು. ನಿಮ್ಮ ತಪ್ಪಲ್ಲದ ತಪ್ಪಿಗೆ ನಿಮ್ಮನ್ನು ಹೊರಗಿಡುವುದಿಲ್ಲ ಎಂಬ ಮಾತು ಗುರುವಿನ ಬಾಯಿಂದ ಬರಬೇಕಾಗಿತ್ತು. ಎರಡನೆಯದು, ನೆಲೆ ಕಳೆದುಕೊಂಡವರಿಗೆ ನೆಲ. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಅವರು ಬೇಸಾಯಗಾರರ ನೆಲೆಯೊಂದನ್ನು ಬೆಳೆಸಿದರು. ಉಳುವ ಹೊಲ ಇಲ್ಲದವನಿಗೆ ಭಾನುವಾರದ ಉಪದೇಶದಿಂದ ಹೊಟ್ಟೆ ತುಂಬದು ಎಂಬುದು ಅವರಿಗೆ ಗೊತ್ತಿತ್ತು. ಮೂರನೆಯದು, ಸಿಡುಬಿನ ಲಸಿಕೆ. ಇಂಗ್ಲೆಂಡಿನಲ್ಲಿ ಜೆನ್ನರ್ ಲಸಿಕೆಯನ್ನು ಕಂಡುಹಿಡಿದು ಹತ್ತು ವರ್ಷವೂ ಆಗಿರಲಿಲ್ಲ. 1803-04ರಲ್ಲಿ ಮೈಸೂರು ಸೀಮೆಯಲ್ಲಿ ದುಬುವಾ ಅವರ ಮೇಲ್ವಿಚಾರಣೆಯಲ್ಲಿ 25,432 ಜನರಿಗೆ ಲಸಿಕೆ ಹಾಕಲಾಯಿತು. ಜನ ಹೊಸ ಮದ್ದಿಗೆ ಹೆದರುತ್ತಿದ್ದ ಕಾಲ ಅದು. ಹಾಗಿದ್ದೂ ಅಷ್ಟು ಜನ ಕೈಚಾಚಿದರೆ, ಅದಕ್ಕೆ ಊರಿನವರ ನಂಬಿಕೆ ಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ದುಬುವಾ ಕೊನೆಗೆ ಬೇಸತ್ತು ಹೋದರು. 1823ರಲ್ಲಿ ಅವರು ಇಂಡಿಯಾ ಬಿಟ್ಟರು. ಈ ದೇಶದಲ್ಲಿ ಕ್ರೈಸ್ತಧರ್ಮ ಬೆಳೆಯುವ ಆಸೆಯೇ ಇಲ್ಲ ಎಂಬ ಅರ್ಥದ ಪತ್ರಗಳನ್ನು ಅದೇ ವರ್ಷ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಆ ಮಾತಿಗೆ ಉತ್ತರವಾಗಿ ಬೇರೆ ಮಿಷನರಿಗಳು ಸಿಟ್ಟಿನಿಂದ ಪುಸ್ತಕ ಬರೆದರು. ಅವರ ವಾದ ಸರಿಯೋ ತಪ್ಪೋ ಎಂಬುದನ್ನು ಬದಿಗಿಡೋಣ. ಸಾವಿರಾರು ಜನರ ದುಃಖ ಕೇಳಿದ ಮನುಷ್ಯ ತನ್ನ ದುಃಖವನ್ನು ಯಾರಲ್ಲಿ ಹೇಳಿಕೊಳ್ಳಬೇಕು? ಸುತ್ತ ನೂರು ಮೈಲಿಯಲ್ಲಿ ತನ್ನ ಭಾಷೆಯ ಒಬ್ಬ ಗೆಳೆಯನಿಲ್ಲ, ಮನೆಯಿಂದ ಕಾಗದ ಬರಲು ವರ್ಷ ಹಿಡಿಯುತ್ತದೆ. ಗುರುವಿಗೂ ಆಸರೆ ಬೇಕು ಎಂಬುದನ್ನು ಆ ಕಾಲದ ವ್ಯವಸ್ಥೆ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

ಇದಕ್ಕೆ ಉಪಾಯವೇನು? ಈ ನೆಲದವರನ್ನೇ ಗುರುಗಳನ್ನಾಗಿ ಮಾಡಿ ಎಂದು 1844ರಲ್ಲಿ ಪುದುಚೇರಿಯಲ್ಲಿ ಸೇರಿದ ಗುರುಗಳ ಮಹಾಸಭೆ ಒತ್ತಿ ಹೇಳಿತು. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲಿ ಒಬ್ಬರು ಮರಿಯೋನ್ ಬ್ರೆಸಿಲಾಕ್. 1850ರಲ್ಲಿ ಕೊಯಮತ್ತೂರು ಬೇರೆ ಪ್ರಾಂತ್ಯವಾದಾಗ ಅವರೇ ಅಲ್ಲಿನ ಧರ್ಮಾಧ್ಯಕ್ಷರಾದರು. ಇಲ್ಲಿನ ಹುಡುಗರನ್ನು ಓದಿಸಿ ಗುರುಗಳನ್ನಾಗಿ ಮಾಡಿ ಸಭೆಯನ್ನು ಅವರ ಕೈಗೆ ಒಪ್ಪಿಸಬೇಕು ಎಂಬುದು ಅವರ ಹಂಬಲ. ಆದರೆ ಜೊತೆಯ ಯುರೋಪಿಯನ್ ಗುರುಗಳೊಡನೆ ಈ ವಿಷಯದಲ್ಲೂ, ಜಾತಿಯ ಆಚಾರಗಳನ್ನು ಎಷ್ಟು ಒಪ್ಪಬೇಕು ಎಂಬ ವಿಷಯದಲ್ಲೂ ಹೊಂದಾಣಿಕೆಯಾಗದೆ, 1855ರಲ್ಲಿ ಅವರು ಹುದ್ದೆ ಬಿಟ್ಟರು. ಅದೇ ಕಾಲದಲ್ಲಿ ಮೈಸೂರಿನ ಧರ್ಮಾಧ್ಯಕ್ಷರಾಗಿದ್ದ ಶಾರ್ಬೊನೋ ಬೆಂಗಳೂರಿನಲ್ಲಿ ಅಚ್ಚುಕೂಟ ನಡೆಸಿದರು. 1861ರಲ್ಲಿ ಲತೀನ್-ಕನ್ನಡ ನಿಘಂಟು ಅಲ್ಲಿಂದ ಹೊರಬಂತು. ಕನ್ನಡ ಹುಡುಗ ಗುರುವಾಗಬೇಕಾದರೆ ಲತೀನ್ ಕಲಿಯಬೇಕು, ಲತೀನ್ ಕಲಿಸುವವನಿಗೆ ಕನ್ನಡ ಬರಬೇಕು. ಆ ದಪ್ಪ ಪುಸ್ತಕ ಎರಡಕ್ಕೂ ಒದಗಿತು.

ಪ್ರೊಟೆಸ್ಟೆಂಟರ ಕಡೆಗೂ ಒಮ್ಮೆ ನೋಡೋಣ. ಲಂಡನ್ ಮಿಷನ್ 1827ರಲ್ಲಿ ಸೇಲಂ ಪಟ್ಟಣದಲ್ಲಿ ಕೆಲಸ ಶುರು ಮಾಡಿತು. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1846ರಲ್ಲಿ ನೀಲಗಿರಿಯ ಕೇತಿಯಲ್ಲಿ ನೆಲೆ ಹೂಡಿತು. ಕೇತಿಯ ಕಥೆ ತಮಿಳುನಾಡಿನ ಕನ್ನಡಿಗರಾದ ನಮಗೆ ಹತ್ತಿರದ್ದು. ಬಡಗರ ಮಾತು ಕನ್ನಡಕ್ಕೆ ಹತ್ತಿರವಾದುದರಿಂದ ಅಲ್ಲಿನ ಮಿಷನ್ ಶಾಲೆಗಳಲ್ಲಿ ಕನ್ನಡ ಕಲಿಸಿದರು. 1890ರಲ್ಲಿ ಲೂಕನ ಸುವಾರ್ತೆಯನ್ನು ಬಡಗ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿದರು. ಬೆಟ್ಟದ ಮೇಲಿನ ಒಂದು ಸಣ್ಣ ಸಭೆಗೆ ಅದರ ಮನೆಮಾತಿನಲ್ಲೇ ಓದಲು ಒಂದು ಪುಸ್ತಕ ಸಿಕ್ಕಿತು.

ಮಂಗಳೂರಿನ ಸಭೆಗೆ ಬಾಸೆಲ್ ಮಿಷನ್ ಗುರು ಮಾತ್ರವಲ್ಲ, ಧಣಿಯೂ ಆಗಿತ್ತು. ಕ್ರೈಸ್ತರಾದ ಕಾರಣಕ್ಕೆ ಮನೆ ಕಳೆದುಕೊಂಡವರಿಗೆ ಅದು ನೇಯ್ಗೆಯ ಕೆಲಸ ಕೊಟ್ಟಿತು, 1865ರಿಂದ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಕೊಟ್ಟಿತು. ಮಗ್ಗದ ಊರಿನವರಾದ ನಮಗೆ ಅದರ ಬೆಲೆ ಗೊತ್ತು. ಆದರೆ 1914ರಲ್ಲಿ ಮಹಾಯುದ್ಧ ಬಂತು. ಜರ್ಮನಿಯವರಾದ ಮಿಷನರಿಗಳನ್ನು ಸರ್ಕಾರ ಸೆರೆಯಲ್ಲಿಟ್ಟು, ಆಮೇಲೆ ಅವರ ದೇಶಕ್ಕೆ ಕಳಿಸಿತು. ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ಪಾಲಾದವು. ಎಂಬತ್ತು ವರ್ಷ ಎಲ್ಲವನ್ನೂ ಕೊಟ್ಟ ಕೈ ಒಂದೇ ಏಟಿಗೆ ಇಲ್ಲವಾಯಿತು. ಆಗ ಸಭೆಗಳನ್ನು ಹಿಡಿದು ನಿಲ್ಲಿಸಿದವರು ದೇಶೀಯ ಸಭಾಪಾಲಕರು, ಹಿರಿಯರು, ಶಾಲೆಯ ಮೇಷ್ಟ್ರುಗಳು. ಯೇಸುಸಭೆ ಮುಚ್ಚಿದಾಗ ಉಪದೇಶಿ ಮಾಡಿದ ಕೆಲಸವನ್ನೇ ಇವರೂ ಮಾಡಿದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಸ್ಥಾಪನೆಯಾಗಿ ಬೇರೆ ಬೇರೆ ಮಿಷನ್ನುಗಳ ಸಭೆಗಳು ಒಂದಾದಾಗ, ಅದರ ಹಿಂದೆ ಇಂತಹ ಅನುಭವದ ಒತ್ತಾಸೆ ಇತ್ತು.

ಈಗ ನಮ್ಮ ಕಾವೇರಿಯ ದಡಕ್ಕೆ ಮರಳೋಣ. ಎಲ್ಲ ಸಂಕಟವೂ ಯುದ್ಧದಿಂದಲೇ ಬರುವುದಿಲ್ಲ. ಕೆಲವು ಒಳ್ಳೆಯ ಕೆಲಸದಿಂದಲೂ ಬರುತ್ತವೆ. 1925ರಲ್ಲಿ ಶುರುವಾದ ಮೇಟ್ಟೂರು ಅಣೆಕಟ್ಟು 1934ರಲ್ಲಿ ಮುಗಿಯಿತು. ತಂಜಾವೂರಿನ ಗದ್ದೆಗಳಿಗೆ ನೀರಾಯಿತು. ಆದರೆ ಅಣೆಯ ಹಿಂದೆ ಹಳ್ಳಿಗಳು ಮುಳುಗಿದವು. ನೀರು ತೀರ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಹಳೆಯ ಇಗರ್ಜಿಯ ಗೋಪುರಗಳೂ, ಜಲಕಂಠೇಶ್ವರ ದೇವಾಲಯದ ನಂದಿಯೂ ಹೊರಗೆ ಕಾಣುತ್ತವೆ. ಪತ್ರಿಕೆಗಳು ಚಿತ್ರ ಹಾಕುತ್ತವೆ, ಜನ ನೋಡಲು ಹೋಗುತ್ತಾರೆ. ನಂದಿಗೂ ಇಗರ್ಜಿಗೂ ಒಂದೇ ನೀರು, ಒಂದೇ ಗತಿ. ಹಾಸನದ ಶೆಟ್ಟಿಹಳ್ಳಿಯಲ್ಲೂ ಹಾಗೆಯೇ. ಫ್ರೆಂಚ್ ಗುರುಗಳ ಕಾಲದ ಜಪಮಾಲೆಯ ದೇವಾಲಯ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ, ಬೇಸಿಗೆಗೆ ಒಣನೆಲದ ಮೇಲೆ ನಿಲ್ಲುತ್ತದೆ.

ಊರು ಎದ್ದು ಹೋಗುವಾಗ ಏನನ್ನು ಹೊತ್ತು ಹೋಗಬಹುದು? ಪ್ರತಿಮೆ, ಗಂಟೆ, ಜಪದ ಪುಸ್ತಕ, ಹಬ್ಬದ ದಿನಾಂಕ ಇವನ್ನು ಒಯ್ಯಬಹುದು. ಸಮಾಧಿಗಳನ್ನು ಒಯ್ಯಲಾಗದು. ಅಜ್ಜಿಯ ಗೋರಿಗೆ ಮೇಣದ ಬತ್ತಿ ಹಚ್ಚುವ ದಿನ ಬಂದಾಗ, ಹೊಸ ಊರಿನಲ್ಲಿ ಎಲ್ಲಿ ಹಚ್ಚುವುದು? ಸರ್ಕಾರದ ಪರಿಹಾರದ ಪಟ್ಟಿಯಲ್ಲಿ ಇದಕ್ಕೆ ಕಲಮು ಇರುವುದಿಲ್ಲ. ಆ ದಿನ ಜನರ ನಡುವೆ ನಿಂತು ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದಲು ಹೆಸರು ಗೊತ್ತಿರುವ ಒಬ್ಬ ಹಿರಿಯ ಬೇಕು.

ಕೊನೆಯದಾಗಿ ಭಾಷೆಯ ಮಾತು. ಇದು ನಮ್ಮ ಈ ಕಾರ್ಯಕ್ರಮಕ್ಕೂ ಹತ್ತಿರದ ವಿಷಯ.

ನೂರಾರು ವರ್ಷ ಕಥೋಲಿಕರ ಬಲಿಪೂಜೆ ಲತೀನಿನಲ್ಲಿ ನಡೆಯಿತು. ಅದು ಯಾರ ಮನೆಯ ಮಾತೂ ಅಲ್ಲ. ಆದ್ದರಿಂದ ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಯಾರೂ ಅದಕ್ಕಾಗಿ ಜಗಳವಾಡುತ್ತಲೂ ಇರಲಿಲ್ಲ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಯಲ್ಲಿ ಪೂಜೆ ನಡೆಸಲು ಬಾಗಿಲು ತೆರೆಯಿತು. ಬಹಳ ಒಳ್ಳೆಯ ಬದಲಾವಣೆ. ಆದರೆ 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳು ಹಂಚಿಹೋಗಿ ಆಗಿನ್ನೂ ಏಳೇ ವರ್ಷ. ಜನರ ಭಾಷೆ ಎಂದರೆ ಯಾವ ಜನರ ಭಾಷೆ ಎಂಬ ಪ್ರಶ್ನೆ ಗಡಿಯಲ್ಲಿ ಕೂಡಲೇ ಎದ್ದಿತು. ಬೆಂಗಳೂರಿನ ಧರ್ಮಪ್ರಾಂತ್ಯದಲ್ಲಿ ಅದು ದೊಡ್ಡ ಜಗಳವೇ ಆಯಿತು. ಅಲ್ಲಿ ದಂಡು ಪ್ರದೇಶದ ಕಾಲದಿಂದ ತಮಿಳು ಕಥೋಲಿಕರು ಬಹಳ. ಕನ್ನಡ ನಾಡಿನಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಎಂದು ಕನ್ನಡ ಕಥೋಲಿಕರು ಕೇಳಿದರು. ನಾವು ಕಟ್ಟಿದ ಗುಡಿಯಲ್ಲಿ ನಮ್ಮ ಮಾತಿಗೆ ಜಾಗವಿಲ್ಲವೇ ಎಂದು ತಮಿಳರು ಕೇಳಿದರು. ದಶಕಗಳ ಕಾಲ ಪ್ರತಿಭಟನೆ, ಕೂಗಾಟ, ತಳ್ಳಾಟ ನಡೆದವು. 2013ರಲ್ಲಿ ಮಲ್ಲೇಶ್ವರದ ಸಂತ ಪೇತ್ರರ ಗುರುಮಠದ ಮುಖ್ಯಸ್ಥ ಫಾದರ್ ಕೆ. ಜೆ. ಥಾಮಸ್ ಕೊಲೆಯಾದರು. ಆ ತನಿಖೆಯ ಕಾಲದಲ್ಲಿ ಭಾಷೆಯ ಜಗಳದ ಹೆಸರೂ ಕೇಳಿಬಂತು. ಗುರುಗಳನ್ನು ತರಬೇತು ಮಾಡುವ ಮನೆಯ ಒಳಗೇ ಒಬ್ಬ ಗುರು ಹೀಗೆ ಸತ್ತದ್ದು ಎರಡೂ ಭಾಷೆಯವರು ತಲೆ ತಗ್ಗಿಸಬೇಕಾದ ಸಂಗತಿ.

ಗಡಿಯ ಆಚೆಗೆ, ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯಗಳಲ್ಲಿ ತಮಿಳು ಆಡುವ ಕ್ರೈಸ್ತರು ಕನ್ನಡ ನಾಡಿನ ಅಲ್ಪಸಂಖ್ಯಾತರು. ಈಚೆಗೆ, ನಾವು ತಮಿಳು ನಾಡಿನ ಅಲ್ಪಸಂಖ್ಯಾತರು. ವೀರಪ್ಪನ್ ಹುಡುಕಾಟದ ವರ್ಷಗಳಲ್ಲಿ ಆ ಕಾಡಂಚಿನ ಊರುಗಳವರು ಒಂದು ಕಡೆ ಅವನಿಗೂ, ಇನ್ನೊಂದು ಕಡೆ ಎರಡು ರಾಜ್ಯಗಳ ಪೊಲೀಸರಿಗೂ ಹೆದರಿ ಬದುಕಿದರು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿ ಅವರ ದೂರುಗಳನ್ನು ಕೇಳಿಸಿಕೊಂಡಿತು. ಆ ದೂರುಗಳಲ್ಲಿ ತಮಿಳರ ನೋವೂ ಇತ್ತು, ಕನ್ನಡಿಗರ ನೋವೂ ಇತ್ತು. ಆಚೆಯ ತಮಿಳನಿಗೆ ನಾವು ಏನನ್ನು ಕೊಡಬೇಕೆಂದು ಬಯಸುತ್ತೇವೋ, ಈಚೆಯ ಕನ್ನಡಿಗನಿಗೆ ಅಷ್ಟನ್ನೇ ಕೇಳುವ ಹಕ್ಕು ನಮಗಿದೆ.

ಕೇಳುಗರೆ, ನಾನ್ನೂರು ವರ್ಷಗಳ ಈ ಕಥೆಯಲ್ಲಿ ಸೇಲಂ 1930ರಲ್ಲಿ ಬೇರೆ ಧರ್ಮಪ್ರಾಂತ್ಯವಾಯಿತು, 1997ರಲ್ಲಿ ಧರ್ಮಪುರಿ ಅದರಿಂದ ಬೇರೆಯಾಯಿತು. ಈಗ ಗುರುಗಳು ಬೈಕಿನಲ್ಲಿ ಬರುತ್ತಾರೆ, ಫೋನಿನಲ್ಲಿ ಸಿಗುತ್ತಾರೆ. ಆದರೂ ಆಗಾಗ ವರ್ಗವಾಗುತ್ತಾರೆ. ಹೊಸದಾಗಿ ಬಂದವರಿಗೆ ಊರಿನ ಹಳೆಯ ಜಗಳ ಗೊತ್ತಿರುವುದಿಲ್ಲ, ಕೆಲವೊಮ್ಮೆ ಮನೆಮಾತೂ ಬರುವುದಿಲ್ಲ. ಹಾಗಾಗಿ ಉಪದೇಶಿಯ ಕೆಲಸ ಇನ್ನೂ ಮುಗಿದಿಲ್ಲ.

ಈ ಚರಿತ್ರೆಯಿಂದ ಕಲಿಯಬಹುದಾದದ್ದು ಸರಳ. ದೂ‌ರದ ಹಣದಿಂದ ನಡೆಯುವ ಸಭೆ ದೂರದ ರಾಜಕೀಯದಿಂದ ನಿಂತುಹೋಗಬಹುದು. ಊರೊಳಗಿನ ಹಿರಿಯರಿಂದ ನಡೆಯುವ ಸಭೆ ಗುರು ಬಾರದಿದ್ದರೂ ನಿಲ್ಲುತ್ತದೆ. ಹೊಸ ಗುರು ಬಂದಾಗ ಅವನಿಗೆ ಹಾರ ಹಾಕುವುದರ ಜೊತೆಗೆ ಊರಿನ ಕಥೆಯನ್ನೂ ಹೇಳಿ. ಅವನ ಭಾಷೆ ತೊದಲಿದರೆ ನಗದೆ ಕಲಿಸಿ. ಎರಡು ಗುಂಪುಗಳು ಅವನನ್ನು ತಮ್ಮ ಕಡೆಗೆ ಎಳೆಯುವಾಗ ಎಳೆಯದವರ ಕಡೆ ನೀವಿರಿ. ಅವನು ಸೋತು ಕೂತ ದಿನ ಅವನ ಮನೆಯ ಬಾಗಿಲು ತಟ್ಟಿ, ಊಟವಾಯಿತೇ ಎಂದು ಕೇಳಿ. ದುಬುವಾ ಅವರಿಗೆ ಹಾಗೆ ಕೇಳುವವರು ಇನ್ನಷ್ಟು ಜನ ಇದ್ದಿದ್ದರೆ ಅವರ ಕೊನೆಯ ಪತ್ರಗಳಲ್ಲಿ ಅಷ್ಟು ಕಹಿ ಇರುತ್ತಿರಲಿಲ್ಲವೇನೋ.

ನಿಮ್ಮ ಊರಿನ ಹಿರಿಯರಲ್ಲಿ ಹಳೆಯ ಉಪದೇಶಿಯ ಹೆಸರು, ಮುಳುಗಿದ ಊರಿನ ಹೆಸರು, ಮನೆಮಾತಿನಲ್ಲಿ ಹೇಳುತ್ತಿದ್ದ ಜಪ ಇನ್ನೂ ನೆನಪಿದ್ದರೆ ಇಂದೇ ಕೇಳಿ ಬರೆದಿಟ್ಟುಕೊಳ್ಳಿ. ಕನ್ನಡದಲ್ಲಿ ಬರೆಯಿರಿ, ತಮಿಳಿನಲ್ಲಿ ಬರೆಯಿರಿ, ಕೈಗೆ ಬಂದ ಲಿಪಿಯಲ್ಲಿ ಬರೆಯಿರಿ. ಮುಂದೆ ಈ ನೆಲದ ಚರಿತ್ರೆ ಬರೆಯುವವರಿಗೆ ಅದು ಬೇಕಾಗುತ್ತದೆ.